ಈಜಿನ ಹಾಜರಾತಿ

ನಮ್ಮ ವಿಶ್ವವಿದ್ಯಾಲಯದ ಈಜುಕೊಳದಲ್ಲಿ ಇಂದಿನವರೆಗೆ ಒಬ್ಬ ವಿದ್ಯಾರ್ಥಿಯೂ ಮುಳುಗಿಲ್ಲವೆಂಬುದನ್ನು ಮನರಂಜನಾ ವಿಭಾಗದ ಗುಮಾಸ್ತನಾದ ನಾನು ಹೆಮ್ಮೆಯಿಂದ ದಾಖಲಿಸುತ್ತೇನೆ. ಕೊಳಕ್ಕೆ ನೀರೇ ಬಿಟ್ಟಿಲ್ಲವಲ್ಲ ಎಂದು ಕೊಂಕು ತೆಗೆಯುವವರಿದ್ದಾರೆ. ಅಂಥವರು ಎಲ್ಲಿಲ್ಲ ಹೇಳಿ!

ಮನರಂಜನಾ ಶುಲ್ಕವನ್ನು ಎಲ್ಲ ವಿದ್ಯಾರ್ಥಿಗಳೂ ಕಟ್ಟಿದ್ದರು. ಆದರೆ ಕಟ್ಟಿದವರು ಕೊಳದ ಕಡೆ ತಲೆಹಾಕುತ್ತಿಲ್ಲವೆಂದು ಲೆಕ್ಕಪರಿಶೋಧಕರು ಆಕ್ಷೇಪಿಸಿದರು. ಕುಲಸಚಿವರು ಆ ಕ್ಷಣವೇ ಸುತ್ತೋಲೆ ಹೊರಡಿಸಿದರು: "ಈಜಿನಲ್ಲಿ ನಿಗದಿತ ಹಾಜರಾತಿ ಇಲ್ಲದವರಿಗೆ ಪರೀಕ್ಷೆಯ ಹಾಲ್ ಟಿಕೆಟ್ ನೀಡತಕ್ಕದ್ದಲ್ಲ." ಮುಳುಗುವವರನ್ನು ಕಾಪಾಡಲು ತಮ್ಮ ಭಾಮೈದನನ್ನೇ ಕಾವಲುಗಾರನನ್ನಾಗಿ ನೇಮಿಸಿದರು. ಅವನಿಗೆ ನೀರೆಂದರೆ ಪ್ರಾಣಭಯ. ಆ ಹುದ್ದೆಗೆ ಅವನಷ್ಟು ಸೂಕ್ತ ವ್ಯಕ್ತಿ ಬೇರೆ ಸಿಗುತ್ತಿರಲಿಲ್ಲ.

ಕೊನೆಯ ವರ್ಷದ ಹುಡುಗಿಯೊಬ್ಬಳು ತನ್ನ ತಾಯಿಯೊಂದಿಗೆ ಕಚೇರಿಗೆ ಬಂದಳು. ತಾಯಿ ಬಟ್ಟೆ ಹೊಲಿಯುವವಳು. ಮಗಳು ಸಂಜೆಯೆಲ್ಲ ಅಂಗಡಿಯಲ್ಲಿ ಕೂತು ಗುಂಡಿ ಹಾಕುತ್ತಿದ್ದಳು, ಈಜಲು ಪುರುಸೊತ್ತಾಗಿರಲಿಲ್ಲ. ಈ ಪರೀಕ್ಷೆ ಬರೆದರೆ ಅವಳಿಗೆ ಶಾಲೆಯೊಂದರಲ್ಲಿ ಟೀಚರ್ ಕೆಲಸ ಖಾತ್ರಿಯಾಗಿತ್ತು.

"ಸಾರ್, ಕೊಳದಲ್ಲಿ ನೀರೇ ಇಲ್ಲ," ಎಂದಳು ಹುಡುಗಿ.

"ನೀರು ಎರಡನೇ ಹಂತದ ಶುಲ್ಕದಲ್ಲಿ ಬರುತ್ತಮ್ಮ," ಎಂದರು ಕುಲಸಚಿವರು. "ಈಜು ಮೊದಲನೇ ಹಂತದ್ದು."

ತಾಯಿಗೆ ರೇಗಿತು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರಲ್ಲ, ಹಾಗಾಯ್ತು ನಿಮ್ಮ ಕಥೆ! ನಾನು ಅಳತೆ ಇಲ್ದೆ ಒಂದು ಕುಲಾವೀನೂ ಹೊಲಿಯಲ್ಲ ಸ್ವಾಮಿ."

"ಅದಕ್ಕೇ ನಿಮ್ಮದು ಇನ್ನೂ ಸಣ್ಣ ಅಂಗಡಿ," ಎಂದರು ಕುಲಸಚಿವರು ಅನುಕಂಪದಿಂದ.

ಮರುದಿನದಿಂದ ಹುಡುಗಿ ಕೊಳಕ್ಕಿಳಿದಳು. ಕೊಳದ ತಳದ ಟೈಲ್ಸ್ ಮೇಲೆ ಬೋರಲು ಮಲಗಿ ಕೈಕಾಲು ಬಡಿದಳು. ಮೊಣಕೈ ತರಚಿತು. ಕಾವಲುಗಾರ ದಡದಲ್ಲಿ ಕೂತು ಸೀಟಿ ಊದುತ್ತಿದ್ದ: "ಆಳದ ಕಡೆ ಹೋಗ್ಬೇಡ ತಾಯಿ, ನನ್ನ ಕೈಲಾಗಲ್ಲ!"

ಕೊನೆಯ ದಿನ ಅನಾಹುತವಾಯಿತು. ಪಕ್ಕದ ಪೈಪು ಒಡೆದು ಕೊಳದಲ್ಲಿ ಮೊಣಕಾಲುದ್ದ ನೀರು ತುಂಬಿತು. ಕಾವಲುಗಾರ ಕಿಟಾರನೆ ಕಿರುಚಿ ದೀಪದ ಕಂಬ ಹತ್ತಿದ. ಕುಲಸಚಿವರು ಹಲಗೆಯ ಮೇಲೆ ಪ್ರಕಟಣೆ ಅಂಟಿಸಿದರು: "ಕೊಳದಲ್ಲಿ ನೀರು ಕಂಡುಬಂದಿರುವುದರಿಂದ ಈಜನ್ನು ರದ್ದುಪಡಿಸಲಾಗಿದೆ."

"ನನಗಿನ್ನೊಂದೇ ದಿನದ ಹಾಜರಾತಿ ಬೇಕು ಸಾರ್! ನೀರಲ್ಲೇ ಈಜ್ತೀನಿ," ಹುಡುಗಿ ಅತ್ತೇಬಿಟ್ಟಳು.

"ಅಯ್ಯೋ, ನೀರಲ್ಲಿ ಈಜೋಕೆ ನಿಯಮದಲ್ಲಿ ಅವಕಾಶವಿಲ್ಲಮ್ಮ," ಎಂದರು ಕುಲಸಚಿವರು.

ಕೊಳ ಒಣಗಿದರೆ ನಿಯಮಕ್ಕೆ ಅಡ್ಡಿಯಿಲ್ಲವೆಂದು ನಾನು ಸೂಚಿಸಿದೆ. ಕಚೇರಿಯ ಬಕೆಟ್ಟನ್ನು ರಸೀದಿ ಬರೆಸಿಕೊಂಡು ಕೊಟ್ಟೆ. ತಾಯಿ ಮಗಳು ಇಬ್ಬರೂ ಸೆರಗು ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿ, ಬಿಸಿಲಿಳಿಯುವ ತನಕ ನೀರನ್ನೆಲ್ಲ ಮೊಗೆದು ಆಚೆ ಚೆಲ್ಲಿದರು. ಕುಲಸಚಿವರು ಕೊಳದ ತಳ ಮುಟ್ಟಿ ನೋಡಿ, ಒಣಗಿದೆಯೆಂದು ಖಚಿತಪಡಿಸಿಕೊಂಡು ಅನುಮತಿ ಕೊಟ್ಟರು. ಹುಡುಗಿ ಈ ತುದಿಯಿಂದ ಆ ತುದಿಗೆ ತೆವಳಿದಳು. ಕಂಬದಿಂದ ಇಳಿದ ಕಾವಲುಗಾರ ಹಾಜರಾತಿ ಹಾಕಿದ. ನಾನು ಹಾಲ್ ಟಿಕೆಟ್ಟಿಗೆ ಮೊಹರು ಒತ್ತಿದೆ. ನೀರು ಹೊರಹಾಕಿದ್ದಕ್ಕೆ ಮುಂದಿನ ವರ್ಷದಿಂದ ಎಲ್ಲರಿಂದಲೂ ನಿರ್ಜಲೀಕರಣ ಶುಲ್ಕ ವಸೂಲಿ ಮಾಡುವುದೆಂದು ತೀರ್ಮಾನವಾಯಿತು.

ಹುಡುಗಿ ಮೆಟ್ಟಿಲು ಹತ್ತಿ ಮೇಲೆ ಬಂದಳು. ಅಷ್ಟೆಲ್ಲ ರೇಗಾಡಿದ್ದ ತಾಯಿ, ಚೀಲದಿಂದ ಟವೆಲ್ ತೆಗೆದು ಮಗಳ ಒಣತಲೆಯನ್ನು ಗಸಗಸ ಒರೆಸತೊಡಗಿದಳು.

"ಸರಿಯಾಗಿ ಒರೆಸ್ಕೊಳ್ಳೇ. ನೆಗಡಿಯಾದ್ರೆ ಪರೀಕ್ಷೆ ಹೇಗೆ ಬರೀತೀಯ?"