ರಾಕ್ಷಸಿಗೊಂದು ಬಿರುದಾವಳಿ

ತನ್ನ ಉದ್ಯೋಗ ಏನೆಂದು ಇಬಾದಾನ್ ನಗರದಲ್ಲಿ ಒಬ್ಬರಿಗೂ ಅರ್ಥ ಮಾಡಿಸಲಾಗಲಿಲ್ಲ ಎಂಬುದು ಕೊಲಾಪೊನ ದೊಡ್ಡ ಕೊರಗು. ವಿಡಿಯೋ ಆಟಗಳಲ್ಲಿ ಬರುವ ರಾಕ್ಷಸರು, ಮಾಟಗಾತಿಯರು, ಮಾತನಾಡುವ ಆಡುಗಳು ಏನೇನು ಮಾತನಾಡಬೇಕು ಎಂದು ಬರೆದುಕೊಡುವುದು ಅವನ ಕೆಲಸ. "ಹಾಗಾದ್ರೆ ಆಡುಗಳ ಗುಮಾಸ್ತ ಅನ್ನಿ" ಎಂದಿದ್ದರು ಮಾವ, ಸಾಯುವ ಮುಂಚೆ. (ಆಮೇಲೆ ಅವರು ಹೆಚ್ಚೇನೂ ಹೇಳಲಿಲ್ಲ.)

ಎಂಟು ವರ್ಷದ ಘನ ವೃತ್ತಿಜೀವನದಲ್ಲಿ ಮೊದಲೆರಡು ವರ್ಷ ಕತ್ತಿಗಳಿಗೆ ನಾಮಕರಣ ಮಾಡಿದ. ಆಮೇಲೆ ಆಟದೊಳಗಿನ ಅಂಗಡಿಯವನಿಗೆ "ಬಾ ವೀರನೇ, ಬಾಣ ಬೇಕೇ?" ಎಂಬ ಒಂದು ವಾಕ್ಯ ಬರೆದ. ಅಲ್ಲಿಂದ ಆಡಿನ ಮಾತಿಗೆ ಬಡ್ತಿ ಸಿಕ್ಕಿತು. ಕೊನೆಗೊಂದು ದಿನ ಕಂಪನಿಯ ಮಾಲೀಕ ಲಾನ್ರೆ, ಏಳು ಬೆಟ್ಟದ ರಾಕ್ಷಸಿಯನ್ನೇ ಅವನ ಕೈಗೊಪ್ಪಿಸಿದ.

"ಅವಳು ಗುಹೆಯಿಂದ ಹೊರಗೆ ಬರೋವಾಗ ಕೇಳಿದವರ ಮೈ ಜುಮ್ ಅನ್ಬೇಕು. ಸರಿಹೋದ್ರೆ ನೀನೇ ಮುಖ್ಯ ಬರಹಗಾರ. ಇಲ್ಲಾಂದ್ರೆ ವಾಪಸ್ ಆಡಿಗೆ."

ರಾಕ್ಷಸಿಯ ರೂಪಕ್ಕಾಗಿ ಕೊಲಾಪೊ ದೂರ ಹೋಗಲಿಲ್ಲ. ಮಗಳು ತಿವಾ ಹುಟ್ಟಿದಾಗ ಕೂಸಿಗೆ ನೀರೆರೆಯಲು ನಲವತ್ತು ದಿನಕ್ಕೆಂದು ಬಂದಿದ್ದ ಅತ್ತೆ, ತಿವಾ ಎರಡನೇ ತರಗತಿಗೆ ಬಂದರೂ ಕದಲಿರಲಿಲ್ಲ. ಮುಂದಿನ ಹಲ್ಲುಗಳ ನಡುವಿನ ಸಂದು, ಗೋಪುರದಂಥ ತಲೆವಸ್ತ್ರ, ಸೊಂಟದ ಮೇಲಿನ ಕೈ, ಎಲ್ಲವನ್ನೂ ಚಿತ್ರಕಾರನಿಗೆ ಭಕ್ತಿಯಿಂದ ವರ್ಣಿಸಿ, ತಲೆ ಮಾತ್ರ ಮೂರು ಮಾಡಿಸಿದ. ಆದರೆ ಮಾತು? ಹದಿನೈದು ದಿನ ಬರೆದು ಬರೆದು ಹರಿದು ಹಾಕಿದ. ಬರೆದದ್ದೆಲ್ಲ ಆಡಿನ ಬಾಯಿಗೇ ಹೊಂದುತ್ತಿತ್ತು.

ಅತ್ತೆ ದಿನಾ ಬೆಳಗ್ಗೆ ಪಕ್ಕದ ಕೋಣೆಯಲ್ಲಿ ಒರಿಕಿ ಹೇಳುತ್ತಿದ್ದರು. ಒರಿಕಿ ಎಂದರೆ ಮನೆತನದ ಬಿರುದಾವಳಿ. ತನ್ನದು ಕಿವಿಗೆ ಬಿದ್ದರೆ ಸಾಕು, ಯೊರುಬಾ ಕುಲದ ಮನುಷ್ಯನ ಎದೆ ಉಬ್ಬಿ, ಕಾಲು ತಾನಾಗಿಯೇ ಎದ್ದು ನಿಲ್ಲುತ್ತದೆ. ಲಾಗೋಸಿನ ಇಂಗ್ಲಿಷ್ ಶಾಲೆಯಲ್ಲಿ ಬೆಳೆದ ಕೊಲಾಪೊಗೆ ತನ್ನ ಒರಿಕಿಯೇ ಗೊತ್ತಿರಲಿಲ್ಲ. ಈಯಮ್ಮ ಕೋಳಿ ಕೂಗುವ ಮುಂಚೆ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಾರೆ ಎಂದುಕೊಂಡು, ದಿಂಬನ್ನು ಕಿವಿಗೆ ಒತ್ತಿಕೊಂಡು ಮಲಗುತ್ತಿದ್ದ. ಒಂದು ಬೆಳಗ್ಗೆ ದಿಂಬು ತೆಗೆದು, ಫೋನನ್ನು ಬಾಗಿಲ ಸಂದಿಗೆ ಹಿಡಿದ.

"ಕಬ್ಬಿಣ ತಿಂದು ಕಮ್ಮಾರನ ಬಾಗಿಲಲ್ಲೇ ತೇಗಿದವರ ಕುಡಿಯೇ! ಆನೆ ಮಲಗಿದರೆ ಹಳ್ಳ, ನೀನು ಕೂತರೆ ಊರು!"

ಅಕ್ಷರ ಬಿಡದೆ ಇಳಿಸಿಕೊಂಡ. ಓದಿದ ಲಾನ್ರೆ ಬಾಚಿ ತಬ್ಬಿಕೊಂಡ. "ಇಷ್ಟು ದಿನ ಈ ಬೆಂಕೀನ ಎಲ್ಲಿ ಬಚ್ಚಿಟ್ಟಿದ್ದೆ ಮಾರಾಯ?"

"ಒಳಗಿಂದ ಬಂತು" ಎಂದ ಕೊಲಾಪೊ. (ಪಕ್ಕದ ಕೋಣೆಯೂ ಮನೆಯ ಒಳಗೇ ತಾನೇ.) ಹಾಗೆನ್ನುವಾಗ ಅವನ ಕಿವಿ ಬಿಸಿಯಾಯಿತು. 'ಮುಖ್ಯ ಬರಹಗಾರ' ಎಂಬ ಫಲಕ ಮೇಜಿನ ಮೇಲೆ ಬಂದ ಮೇಲಂತೂ ಅದರ ಮುಖ ನೋಡಲು ನಾಚಿಕೆಯಾಗಿ, ಅದರ ಮೇಲೆ ಟೋಪಿ ಕವುಚಿ ಕೆಲಸ ಮಾಡುತ್ತಿದ್ದ.

ಆಟ ಸಿದ್ಧವಾದ ಸಂತೋಷಕ್ಕೆ ಕಚೇರಿಯಲ್ಲಿ ಮಧ್ಯಾಹ್ನದ ಊಟ, ಕುಟುಂಬಸಮೇತ. ಕೊಲಾಪೊ ಹೆಂಡತಿಯ ಹಿಂದೆ ಹಿಂದೆ ಸುತ್ತಿದ.

"ನಿಮ್ಮಮ್ಮ ಬರೋದು ಬೇಡ, ಮೊರೆನಿಕೆ. ಅಲ್ಲಿ ಏಸಿ ಜಾಸ್ತಿ. ಮಂಡಿ ಹಿಡ್ಕೊಳ್ಳುತ್ತೆ."

"ಬಾಬಾ ತಿವಾ, ಅದೇ ಮಂಡೀಲಿ ನಾಲ್ಕು ಮಹಡಿ ಹತ್ತಿ, ದರ್ಜಿ ಹತ್ರ ಜಗಳ ಆಡಿ, ನಮ್ಮ ನಾಲ್ಕೂ ಜನಕ್ಕೆ ಒಂದೇ ಥರದ ಬಟ್ಟೆ ಹೊಲಿಸ್ಕೊಂಡು ಬಂದಿದ್ದಾರೆ. ಅಳಿಯನಿಗೆ ಬಡ್ತಿ ಬಂದಿದೆ ಅಂತ." (ಬಾಬಾ ತಿವಾ ಎಂದರೆ ತಿವಾಳ ಅಪ್ಪ. ಗಂಡನ ಹೆಸರು ಹಿಡಿದು ಕರೆಯುವಂತಿಲ್ಲವಲ್ಲ.)

"ಬರೀ ರಾಕ್ಷಸರೇ ಕಣೇ. ಹೆದರ್ಕೊಂಡ್ರೆ?"

"ಅಮ್ಮ? ಹೆದರೋದು?" ಮೊರೆನಿಕೆ ನಕ್ಕಳು. ಆಮೇಲೆ ಮೆಲ್ಲಗೆ ಅಂದಳು: "ನನ್ನ ಗಂಡ ಬರೆದದ್ದನ್ನ ನಾನೂ ಒಂದ್ಸಲ ಕೇಳ್ಬೇಕು ರೀ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಆಡಿನ ಮಾತು ಬಿಟ್ಟು ಇನ್ನೇನು ಕೇಳಿದ್ದೀನಿ?"

ಊಟಕ್ಕೆ ಗುಡ್ಡದಷ್ಟು ಜೊಲೊಫ್ ಅನ್ನ, ಆಡಿನ ಮಾಂಸ. ಕೊಲಾಪೊ ತನ್ನ ಪಾಲಿನ ಮಾಂಸವನ್ನೂ ಅತ್ತೆಯ ತಟ್ಟೆಗೇ ಬಡಿಸಿದ. ಪರದೆ ಎಳೆದು ಕೋಣೆ ಕತ್ತಲೆ ಮಾಡಿದ ಲಾನ್ರೆ, "ನಮ್ಮ ಮುಖ್ಯ ಬರಹಗಾರರ ಲೇಖನಿಯಿಂದ!" ಎಂದು ಘೋಷಿಸಿದ. ಡೋಲು ಮೊಳಗಿತು. ದೊಡ್ಡ ಟಿವಿ ಇನ್ನೂ ಕಪ್ಪಾಗಿತ್ತು. ಧ್ವನಿ ಮೊದಲು ಬಂತು: "ಕಬ್ಬಿಣ ತಿಂದು ಕಮ್ಮಾರನ ಬಾಗಿಲಲ್ಲೇ…"

ಕೊಲಾಪೊ ಅತ್ತೆಯನ್ನೇ ನೋಡಿದ. ಅತ್ತೆ ಮೂಳೆ ಚೀಪುತ್ತಿದ್ದರು. ಏಳಲಿಲ್ಲ, ಉಬ್ಬಲಿಲ್ಲ. ಬದುಕಿದೆಯಾ ಬಡಜೀವವೇ ಅಂದುಕೊಂಡ.

ಅಷ್ಟರಲ್ಲಿ ಪಕ್ಕದ ಕುರ್ಚಿ ಸರಿದ ಸದ್ದಾಯಿತು. ಮೊರೆನಿಕೆ ಎದ್ದು ನಿಂತಿದ್ದಳು. ಎದೆಯ ಮೇಲೆ ಕೈ, ಕಣ್ಣ ತುಂಬ ನೀರು.

"ಬಾಬಾ ತಿವಾ, ನನ್ನ ಒರಿಕಿ! ನಮ್ಮಪ್ಪನ ಮನೆತನದ್ದು! ದಿನಾ ಬೆಳಗ್ಗೆ ನಾನು ನಮಸ್ಕಾರ ಮಾಡೋಕೆ ಮಂಡಿಯೂರಿದಾಗ ಅಮ್ಮ ನನಗೆ ಹೇಳೋದು… ನೀವು ಮಲಗಿರ್ತೀರಿ ಅಂದ್ಕೊಂಡಿದ್ದೆ. ನೀವು ಕೇಳಿಸ್ಕೊಂಡು, ನೆನಪಿಟ್ಕೊಂಡು, ಇಷ್ಟು ಜನದ ಮುಂದೆ ನನ್ನ ಹೊಗಳಿಸಿದ್ರಾ?"

ಒಂಬತ್ತು ವರ್ಷ ಒಂದೇ ಸೂರಿನಡಿ ಬಾಳಿದವಳ ಬಿರುದು ಯಾವುದೆಂದು ಒಂದು ದಿನವೂ ವಿಚಾರಿಸದ ಗಂಡ ಅವನು. ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಡೇ ಪಕ್ಷ ಕರೆಂಟಾದರೂ ಹೋಗಲಿ ಎಂದು ಬೇಡಿಕೊಂಡ. ದಿನಕ್ಕೆ ಹತ್ತು ಸಲ ಹೋಗುವ ಇಬಾದಾನಿನ ಕರೆಂಟು ಅವತ್ತು ಹೋಗಲಿಲ್ಲ.

ಟಿವಿ ಬೆಳಗಿತು. ಮೂರು ತಲೆ, ಮೂರು ಗೋಪುರ, ಮೂರು ಹಲ್ಲುಸಂದು, ಸೊಂಟದ ಮೇಲೆ ಕೈ. ಇಡೀ ಕಚೇರಿ ಟಿವಿಯನ್ನು ನೋಡಿತು, ಅತ್ತೆಯನ್ನು ನೋಡಿತು, ಮತ್ತೆ ಟಿವಿಯನ್ನು ನೋಡಿತು. ಮೊರೆನಿಕೆ ಮೆಲ್ಲಗೆ ಕುಳಿತಳು.

"ಇವಳು ಕೊನೆಗೆ ಏನಾಗ್ತಾಳೆ?"

"ವೀರ ಬಂದು… ತಲೆ ಕಡೀತಾನೆ."

"ಎಷ್ಟು?"

"ಮೂರೂ."

ಮೊರೆನಿಕೆ ಕಣ್ಣೊರೆಸಿಕೊಂಡಳು. ಈಗ ಒರೆಸಿಕೊಂಡದ್ದು ಬೇರೆ ನೀರು ಎಂದು ಕೊಲಾಪೊಗೂ ತಿಳಿಯಿತು. ಹೊಸ ಬಟ್ಟೆಯ ಸಮೇತ ಅತ್ತೆಯ ಕಾಲ ಮುಂದೆ ಉದ್ದಂಡ ಅಡ್ಡಬಿದ್ದ. ಯೊರುಬಾ ಅಳಿಯನಾದವನು ತಪ್ಪು ಮಾಡದಿದ್ದರೂ ಬೀಳಬೇಕು. ಮಾಡಿದಾಗ ಬೇರೆ ದಾರಿಯೇ ಇಲ್ಲ.

ಅತ್ತೆ ಮೂಳೆ ಕೆಳಗಿಟ್ಟು, ಬೆರಳನ್ನು ಒಂದೊಂದಾಗಿ ಒರೆಸಿಕೊಂಡರು.

"ಹಲ್ಲು ನಂದು. ತಲೆವಸ್ತ್ರ ನಂದು. ಒರಿಕಿ ನನ್ನ ಮಗಳದು. ಅಳಿಯಂದಿರೇ, ಇದ್ರಲ್ಲಿ ನಿಮ್ಮದು ಅಂತ ಏನಿದೆ?"

ಕಚೇರಿಯೆಲ್ಲ ತಂತಮ್ಮ ತಟ್ಟೆಯತ್ತ ಬಗ್ಗಿತು. ಲಾನ್ರೆ ಒಬ್ಬನೇ ತೊಡೆ ತಟ್ಟಿ ಎದ್ದ. "ಆಹಾ, ಏನು ಮಾತು! ಬರ್ಕೊಳೋ ಕೊಲಾಪೊ, ಎರಡನೇ ಭಾಗಕ್ಕಾಗುತ್ತೆ!"

ನೆಲಕ್ಕೆ ಮೂಗು ಒತ್ತಿಕೊಂಡಿದ್ದ ಕೊಲಾಪೊ ಸತ್ತರೂ ಬರೆದುಕೊಳ್ಳುತ್ತಿರಲಿಲ್ಲ. ಆದರೆ ಅವನ ಬಲಗೈ ಆಗಲೇ ಜೇಬಿನಿಂದ ಪೆನ್ನು ತೆಗೆದಿತ್ತು. ಮೊರೆನಿಕೆ ಅದನ್ನು ನೋಡಿದಳು.