ವೇಣಿಯ ಅರವತ್ಮೂರು ಗಿಡುಗ

ಮಹಾಲಯ ಅಮಾವಾಸ್ಯೆಯ ದಿನ ಭದ್ರಮ್ಮನವರು ಮಾಳಿಗೆಯ ಮೇಲಿಟ್ಟ ಎಡೆಗೆ ಕಾಗೆ ಬರಲಿಲ್ಲ. ಅದಕ್ಕೆ ಪಕ್ಕದ ಮನೆಯ ಹನುಮಂತಯ್ಯನವರೇ ಕಾರಣವೆಂದು ಹನ್ನೊಂದು ಗಂಟೆಗೆಲ್ಲ ತೀರ್ಮಾನವಾಗಿಹೋಯಿತು.

ಹನುಮಂತಯ್ಯನವರು ಬೆಳಿಗ್ಗೆ ಎಂಟರಿಂದ ತಮ್ಮ ಹಿತ್ತಿಲು ಬಿಟ್ಟು ಕದಲಿರಲಿಲ್ಲ. ಒಗೆಯುವ ಕಲ್ಲಿಗೂ ಕರಿಬೇವಿನ ಗಿಡಕ್ಕೂ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಆಕಾಶ ನೋಡುತ್ತ ಕೂತಿದ್ದರು. ಮಳೆಗಾಲ ಮುಗಿಯುತ್ತಲೇ ಉತ್ತರದ ಚಳಿಸೀಮೆಯ ಗಿಡುಗಗಳು ದಕ್ಷಿಣಕ್ಕೆ ಹೊರಡುತ್ತವೆ. ಪೀಣ್ಯದ ಶೆಡ್ಡುಗಳ ತಗಡು ಕಾದು ಬಿಸಿಗಾಳಿ ಮೇಲೇಳುವ ಹೊತ್ತಿಗೆ ಅದರಲ್ಲೇ ಸುತ್ತುತ್ತ ಏರಿ ಮುಂದೆ ಸಾಗುತ್ತವೆ. ಅವನ್ನು ಎಣಿಸುವುದು, ಸರ್ಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಿಂದ ನಿವೃತ್ತರಾದ ಈ ಮನುಷ್ಯನ ಕೆಲಸ. ಯಾರೂ ಕೊಟ್ಟ ಕೆಲಸವಲ್ಲವಾದ್ದರಿಂದ ಅದಕ್ಕೆ ರಜೆಯೂ ಇರಲಿಲ್ಲ.

ಆ ಹಿತ್ತಿಲಿನ ದಾಖಲೆ ಒಂದು ದಿನಕ್ಕೆ ಅರವತ್ಮೂರು. ಅದು ಅವರದಲ್ಲ, ಹೆಂಡತಿ ವೇಣಿಯದು. ಅವರು ಸ್ನಾನಕ್ಕೆ ಹೋಗಿದ್ದಾಗ ದೊಡ್ಡ ಗುಂಪೊಂದು ಬಂದು, ಆಕೆ ಒಬ್ಬಳೇ ಎಣಿಸಿ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದಳು.

"ನಾನು ಕಣ್ಣಾರೆ ನೋಡದ್ದನ್ನ ಪಾಸ್ ಮಾಡಲ್ಲ" ಎಂದು ಇವರು.

"ನಿಮ್ಮ ಪಾಸು ಯಾರಿಗ್ರೀ ಬೇಕು? ಇದನ್ನ ಮೀರಕ್ಕೆ ಮಾತ್ರ ನಾನು ಬಿಡಲ್ಲ, ನೋಡ್ತಿರಿ" ಎಂದು ಆಕೆ.

ಈ ಜಗಳದಲ್ಲೇ ಸುಖವಾಗಿ ನಾಲ್ಕು ವರ್ಷ ಕಳೆದಿತ್ತು. ವೇಣಿ ತೀರಿಕೊಂಡು ಈಗ ಎರಡು ವರ್ಷ. ಜಗಳಕ್ಕೆ ಜನವಿಲ್ಲದ ಮನೆಯಲ್ಲಿ ಆ ಸಂಖ್ಯೆಯೊಂದು ಉಳಿದಿತ್ತು. ಅದನ್ನು ದಾಟಿದರೆ ಆಕೆಗೆ ಕೊನೆಗೂ ಒಂದು ಉತ್ತರ ಕೊಟ್ಟಂತಾಗುತ್ತದೆ ಎಂದು ಅವರ ಆಸೆ. ಇವತ್ತು ಹನ್ನೊಂದಕ್ಕೇ ಐವತ್ತೆಂಟು ಆಗಿತ್ತು.

ಭದ್ರಮ್ಮ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು. "ಅಣ್ಣಾ, ನೀವು ದಿನಾ ದುರ್ಬೀನು ಹಾಕಿ ಹಾಕಿ ಹದ್ದೆಲ್ಲ ನಮ್ಮ ಬೀದೀಗೇ ಬಂದ್ಬಿಟ್ಟವೆ. ಕಾಗೆ ಹೆಂಗೆ ಬರುತ್ತೆ ಹೇಳಿ?"

"ಹದ್ದಲ್ಲಮ್ಮ, ಗಿಡುಗ. ಸಾವಿರಾರು ಮೈಲಿಯಿಂದ ಬರ್ತಿವೆ."

"ಅಷ್ಟು ದೂರದಿಂದ ಬಂದೋವಕ್ಕೆ ನಮ್ಮನೆ ಕಾಗೆ ಮೇಲೇ ಕಣ್ಣಾ?"

"ಕಾಗೆ ಬರ್ದಿದ್ರೆ ಬೇರೆ ಯಾವ್ದಾದ್ರೂ ಹಕ್ಕಿ ಮುಟ್ಲಿ ಬಿಡಿ" ಎಂದರು ಹನುಮಂತಯ್ಯ, ಕಣ್ಣು ಕೆಳಗಿಳಿಸದೆ.

"ನಮ್ಮೆಜಮಾನ್ರು ಲೈನ್‌ಮನ್ ಆಗಿದ್ದೋರು. ಬಂದ್ರೆ ತಂತಿ ಮೇಲೆ ಕೂರೋ ಕಾಗೆಯಾಗೇ ಬರ್ತಾರೆ" ಎಂದು ಭದ್ರಮ್ಮ ಗಂಭೀರವಾಗಿ ಹೇಳಿದರು.

ಅವರ ಮಗ ಶ್ರೀಕಾಂತನಿಗೆ ಎರಡು ಗಂಟೆಯ ಶಿಫ್ಟು. ಕಾಗೆ ಮುಟ್ಟದೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಎಲೆಯ ಮೇಲೆ ವಡೆ, ಮಟನ್ ಸಾರು, ಒಂದು ಕಟ್ಟು ಬೀಡಿ ಎಲ್ಲ ಇಟ್ಟ ಹಾಗೇ ಇದ್ದವು. ಹಸಿದ ಶ್ರೀಕಾಂತ ಸ್ಟೀಲ್ ತಟ್ಟೆಯೂ ಸೌಟೂ ಹಿಡಿದು ಮಾಳಿಗೆ ಹತ್ತಿ, ಗಿಡುಗಗಳನ್ನು ಓಡಿಸಲು ಬಾರಿಸತೊಡಗಿದ. ಗಿಡುಗಗಳು ಎಲ್ಲೋ ಮೋಡದ ಹತ್ತಿರ ಇದ್ದವು, ಅವಕ್ಕೇನೂ ಆಗಲಿಲ್ಲ. ಬೀದಿಯ ಜನರೆಲ್ಲ ಮಾತ್ರ ತಮ್ಮ ತಮ್ಮ ಮಾಳಿಗೆ ಹತ್ತಿ ನಿಂತರು.

ಐವತ್ತೊಂಬತ್ತೋ ಅರವತ್ತೋ ಎಂದು ಹನುಮಂತಯ್ಯನವರಿಗೆ ಗಲಿಬಿಲಿಯಾಯಿತು. ಅರವತ್ತೇ ಎಂದು ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ ಮತ್ತೊಂದು ಹಾದುಹೋಯಿತು. "ಅರವತ್ತೊಂದು!" ಎಂದು ಕೂಗಿ, "ಅಪ್ಪಾ, ಆ ತಟ್ಟೆ ನಿಲ್ಸೋ. ನಿಮ್ಮಮ್ಮ ಏನು ಹೇಳಿದ್ರೂ ಮಾಡ್ತೀನಿ" ಎಂದು ಬೇಡಿಕೊಂಡರು.

ಭದ್ರಮ್ಮ ಇದಕ್ಕೇ ಕಾದಿದ್ದರು. "ವೇಣಕ್ಕಂಗೆ ಒಂದು ಎಡೆ ಇಟ್ಟಿದೀರಾ? ಇಲ್ಲ. ಹಸ್ಕೊಂಡಿರೋ ಹೆಂಗಸು ಕಾಗೇನ ಈ ಬೀದಿಗೆ ಬಿಡ್ತಾಳಾ? ಮೊದ್ಲು ಅದನ್ನ ಮಾಡಿ." ಬಾಳೆಲೆಯ ತುಂಡೊಂದು ಗೋಡೆ ದಾಟಿ ಬಂತು.

ವೇಣಿಗೆ ಇಂಥದ್ದರಲ್ಲಿ ನಂಬಿಕೆಯಿರಲಿಲ್ಲ. ಆದರೂ ಹನುಮಂತಯ್ಯ ಕಣ್ಣು ಮೇಲೆ ನೆಟ್ಟುಕೊಂಡೇ, ತಮ್ಮ ತಿಂಡಿಗೆಂದು ಬೇಕರಿಯಿಂದ ತಂದಿದ್ದ ಖಾರಾ ಬನ್ನನ್ನು ತಡವಿ ತೆಗೆದು ಎಲೆಯ ಮೇಲಿಟ್ಟು, ಒಗೆಯುವ ಕಲ್ಲಿನ ಮೇಲೆ ಇರಿಸಿದರು. ಆಕೆಗೆ ಅದು ಪ್ರಾಣ.

ಕಾ ಎಂದಿತು. ಎಲ್ಲಿತ್ತೋ, ಒಂದು ಕಾಗೆ ಬಂದು ಕಲ್ಲಿನ ಮೇಲೆ ಇಳಿಯಿತು.

ಹನುಮಂತಯ್ಯ ಓರೆಗಣ್ಣಿನಲ್ಲಿ ಒಮ್ಮೆ ನೋಡಿದರು. ಕಾಗೆ ಬನ್ನನ್ನು ಬಗೆದು, ಒಳಗಿನ ಹಸಿಮೆಣಸಿನ ಚೂರೊಂದನ್ನು ಕೊಕ್ಕಿನಲ್ಲಿ ಹೆಕ್ಕಿ ಎಲೆಯ ಅಂಚಿಗಿಟ್ಟಿತು. ಆಮೇಲೆ ಇನ್ನೊಂದು ಚೂರು, ಅದರ ಪಕ್ಕಕ್ಕೆ. ಮೂವತ್ತೊಂದು ವರ್ಷ ವೇಣಿ ಖಾರಾ ಬನ್ ತಿಂದದ್ದು ಹೀಗೆಯೇ. ಬೆಳಗಿನಿಂದ ಮೊದಲ ಸಲ ಅವರ ಕತ್ತು ಪೂರ್ತಿ ಕೆಳಗಿಳಿಯಿತು. ಕಣ್ಣು ಮಂಜಾಗಿ ಏನೂ ಕಾಣಿಸಲಿಲ್ಲ.

"ಅಯ್ಯೋ! ಅಣ್ಣಾ, ಮೇಲೆ ನೋಡಿ! ಎಷ್ಟೊಂದು!" ಇಡೀ ಬೀದಿಯೇ ಕೂಗಿತು.

ಅವರು ಕಣ್ಣೊರೆಸಿಕೊಂಡು ತಲೆಯೆತ್ತುವಷ್ಟರಲ್ಲಿ ಎದುರಿನ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕೊಂದೇ ಕಂಡಿತು.

"ನೂರಿತ್ತು ಸಾರ್!" ಎಂದ ಶ್ರೀಕಾಂತ.

"ನೂರೈವತ್ತು. ನಾನೇ ಕಣ್ಣಾರೆ ನೋಡ್ದೆ, ಬರ್ಕೊಳಿ ಅಣ್ಣಾ" ಎಂದರು ಭದ್ರಮ್ಮ.

ಹನುಮಂತಯ್ಯ ಪೆನ್ನು ತೆಗೆದು, ಸುಮ್ಮನೆ ಹಿಡಿದು ಕೂತರು. ತಾವು ನೋಡದ್ದನ್ನು ಬರೆಯುವಂತಿಲ್ಲ. ಮಧ್ಯಾಹ್ನ ಮೋಡ ಮುಚ್ಚಿತು, ಮತ್ತೊಂದು ಗಿಡುಗವೂ ಬರಲಿಲ್ಲ. ಅರವತ್ತೊಂದು ಎಂದು ಬರೆದು ತಾರೀಖು ಹಾಕಿದರು.

ಬನ್ನು ಮುಗಿಸಿದ ಕಾಗೆ ಇನ್ನೂ ಕಲ್ಲಿನ ಮೇಲೇ ಕೂತು ತಲೆ ಓರೆ ಮಾಡಿ ಅವರನ್ನೇ ನೋಡುತ್ತಿತ್ತು.

"ಬರೋದು ಬಂದೆ, ಒಂದು ನಿಮಿಷ ತಡವಾಗಿ ಬರಬಾರದಿತ್ತಾ?" ಎಂದರು ಹನುಮಂತಯ್ಯ.

ಕಾಗೆ ಕದಲಲಿಲ್ಲ. ಅವರು ಪುಸ್ತಕದ ಹಳೆಯ ಪುಟ ತಿರುವಿ, ವೇಣಿಯ ದುಂಡನೆಯ ಅಕ್ಷರದ ಅರವತ್ಮೂರರ ಪಕ್ಕ 'ಪಾಸ್' ಎಂದು ಬರೆದು, ಕಾರ್ಖಾನೆಯಲ್ಲಿ ಹಾಕುತ್ತಿದ್ದಂತೆ ಪೂರ್ತಿ ಸಹಿ ಹಾಕಿದರು. ಆಗ ಅದು ರೆಕ್ಕೆ ಕೊಡವಿ, ಗೋಡೆ ದಾಟಿ, ಭದ್ರಮ್ಮನವರ ವಡೆಯ ಕಡೆ ಹಾರಿತು.