ಸರ್ಕಸ್ ಚಿಂಪಾಂಜಿಯ ಪಥ್ಯ

ಇದರ ಶುರುವನ್ನು ನನಗೆ ಹೇಳಿದ್ದು ಅಕ್ಕನ ಗಂಡ, ನಮ್ಮ ಭಾವ; ಕೊನೆಯದನ್ನು ನಾನೇ ಕಂಡೆ. ಎಂಬತ್ತರ ದಶಕದಲ್ಲಿ ಅವರು ತುಮಕೂರಿನಲ್ಲಿ ದನದ ಡಾಕ್ಟರು. ದನದ ಡಾಕ್ಟರ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ನಗುವವರು ಪಕ್ಕದ ಮನೆಯವರು, ತಲೆ ತಗ್ಗಿಸುವವರು ನಾವು.

೧. ಅಭ್ಯಾಸ

ಊರಿಗೆ ಸರ್ಕಸ್ ಬಂದಿತ್ತು. ಒಂದು ಬೆಳಗ್ಗೆ ಅದರ ಮ್ಯಾನೇಜರು ಮನೆಗೆ ಬಂದು, "ಸಾರ್, ನಮ್ಮ ಚಿಂಪಾಂಜಿ ಸ್ಟೂಲ್ ಹತ್ತಿದ್ರೆ ಸಾಕು, ಏದುಸಿರು ಬಿಡುತ್ತೆ. ಪಾದ ಬೇರೆ ಊದಿದೆ" ಅಂದ. ಭಾವನಿಗೆ ಗೊತ್ತಿದ್ದದ್ದು ಗುಬ್ಬಿಯ ಎಮ್ಮೆ, ಕುಣಿಗಲ್ಲಿನ ಕುದುರೆ. ಚಿಂಪಾಂಜಿ ಮನುಷ್ಯನಿಗೇ ಹತ್ತಿರ ಅಂತ, ಸ್ನೇಹಿತರಾದ ಹಾರ್ಟ್ ಡಾಕ್ಟರನ್ನು ಕರೆದುಕೊಂಡು ಹೋದರು. ಅವರು ಎದೆಗೆ ಸ್ಟೆತಾಸ್ಕೋಪ್ ಇಟ್ಟು, "ಹಾರ್ಟು ಸೋತಿದೆ" ಅಂದವರು ರೂಢಿಯಂತೆ ಕೇಳಿದರು: "ಬೀಡಿ, ಸಿಗರೇಟು ಏನಾದ್ರೂ ಇದ್ಯಾ?"

ಮ್ಯಾನೇಜರು ನೆಲ ನೋಡಿದ. "ಇದೆ ಸಾರ್. ಶೋಗೊಂದು ಸಿಗರೇಟು, ದಿನಾ ಎರಡು ಶೋ."

೨. ನೋಡಿಕೊಂಡು ಹೋಗಲು ಬಂದವರು

ಸಿಗರೇಟು ಬಂದ್, ಸಿಹಿ ಬಂದ್, ಕರಿದದ್ದು ಬಂದ್. ಬರೀ ಸೊಪ್ಪು, ತರಕಾರಿ. ತಪ್ಪಿದರೆ ಪ್ರಾಣಿ ಉಳಿಯಲ್ಲ ಅಂದರು ಡಾಕ್ಟರು. ಕಾಯಿಲೆಯ ಸುದ್ದಿ ಊರೆಲ್ಲ ಹಬ್ಬಿತು. ಹುಷಾರಿಲ್ಲದವರನ್ನು ನೋಡಲು ನಮ್ಮೂರಲ್ಲಿ ಬರಿಗೈಲಿ ಹೋಗುವುದುಂಟೆ? ಮರಳೂರಿನವರು ಬನ್ನು ತಂದರು. ಗುಬ್ಬಿಯ ತೋಟದವರೊಬ್ಬರು ಕೊಬ್ಬರಿ ಮಿಠಾಯಿ ತಂದರು. ಬೆಣ್ಣೆ ಬಿಸ್ಕತ್ತು ತಂದ ಬೇಕರಿ ಸಾಹೇಬರಿಗೆ ಭಾವ ಕೈ ಅಡ್ಡ ಹಿಡಿದರೆ, "ನಮ್ಮ ಅಬ್ಬಾನಿಗೂ ಹಾರ್ಟೇ ಸಾರ್. ಕೊನೇ ದಿನದವರೆಗೂ ಇದನ್ನೇ ತಿಂದ್ರು" ಅಂದರು.

ಒಂದು ದಿನ ಬೋನಿನ ಮೂಲೆಯಲ್ಲಿ ಸ್ಟೀಲ್ ಡಬ್ಬಿ ಕಂಡಿತು. ಮುಚ್ಚಳದ ಮೇಲೆ ಕೆತ್ತಿದ್ದು ನಮ್ಮಪ್ಪನ ಹೆಸರು.

"ನಿಮ್ಮ ಅತ್ತೆಯವರು ಹೋಳಿಗೆ ತಂದಿದ್ರು ಸಾರ್," ಅಂದ ಮ್ಯಾನೇಜರು. "ಡಾಕ್ಟರ ಮನೆಯವರೇ ಅಲ್ವಾ ಅಂತ ಒಳಗೆ ಬಿಟ್ವಿ."

ಭಾವ ಡಬ್ಬಿ ತಂದು ಅಮ್ಮನ ಮುಂದೆ ಇಟ್ಟರು. ಅಕ್ಕನಿಗೂ ನನಗೂ ಅವರ ಮುಖ ನೋಡಲಾಗಲಿಲ್ಲ. ಅಮ್ಮ ಮುಚ್ಚಳ ತೆಗೆದು ನೋಡಿ, "ಪೂರ್ತಿ ತಿಂದಿದೆ ಪಾಪ. ಬಾಯಿಗೆ ರುಚಿ ಹತ್ತಿದೆ ಅಂದ್ರೆ ಇನ್ನೇನೂ ಭಯ ಇಲ್ಲ ಬಿಡಿ" ಅಂದಳು.

೩. ಕುಣಿಗಲ್ಲಿನಲ್ಲಿ

ಸರ್ಕಸ್ ಕುಣಿಗಲ್ ಕೆರೆ ಹತ್ತಿರ ಟೆಂಟ್ ಹಾಕಿತು. ಕಾಯಿಲೆ ಅಂತ ಅಲ್ಲಿ ಯಾರೂ ಬಾಯಿ ಬಿಡಕೂಡದು ಅಂತ ಭಾವನ ಆಜ್ಞೆ. ನೋಡಲು ಬರುವವರಿಲ್ಲದೆ ಚಿಂಪಾಂಜಿ ಚೇತರಿಸಿಕೊಂಡಿತು. ಊತ ಇಳಿಯಿತು, ಉಸಿರು ಹಗುರಾಯಿತು. ಕಣ್ಣಾರೆ ನೋಡಬೇಕು ಅಂತ ಅಮ್ಮನ ಹಟ. ಭಾವ ಬಸ್ ಸ್ಟ್ಯಾಂಡಿನಲ್ಲೇ ಅಮ್ಮನ ಚೀಲ ತಡಕಿ ನಮ್ಮನ್ನು ಕರೆದೊಯ್ದರು.

ಅಮ್ಮನನ್ನು ಕಂಡದ್ದೇ ಚಿಂಪಾಂಜಿ ಸರಳಿನ ಹತ್ತಿರ ಬಂತು. ಅವಳ ಒಂದು ಕೈ ಹಿಡಿದು ತಿರುಗಿಸಿ ನೋಡಿತು. ಇನ್ನೊಂದನ್ನೂ ನೋಡಿತು. ಏನೂ ಇಲ್ಲ. ಸ್ವಲ್ಪ ಹೊತ್ತು ಮುಖವನ್ನೇ ನೋಡಿ, ಒಳಗೆ ಹೋಗಿ, ತನ್ನ ತಟ್ಟೆಯಿಂದ ಅರ್ಧ ಸೌತೆಕಾಯಿ ತಂದು ಅಮ್ಮನ ಅಂಗೈಲಿಟ್ಟು ಬೆರಳು ಮಡಿಸಿತು.

ಮ್ಯಾನೇಜರು ಮೆಲ್ಲಗೆ ಅಂದ: "ನಿಮಗೇ ಹುಷಾರಿಲ್ಲ ಅಂದ್ಕೊಂಡಿದೆ, ಅಮ್ಮಾ."

ಸುತ್ತ ಇದ್ದವರೆಲ್ಲ ನಕ್ಕರು. ಅಮ್ಮ ಸೆರಗು ಮುಖದ ಮೇಲೆ ಎಳೆದುಕೊಂಡು ಕೆರೆ ಏರಿಯುದ್ದಕ್ಕೂ ನಡೆದಳು. ಸೌತೆಕಾಯಿಯನ್ನು ಮಾತ್ರ ಬಿಡಲಿಲ್ಲ.

ಆಸ್ಪತ್ರೆ ಕಡೆ ತಿಂಡಿ ಕಟ್ಟಿಕೊಂಡು ಹೊರಟವರು ಸಿಕ್ಕರೆ ಇದನ್ನು ನೀವೂ ಹೇಳಿ. ಆದರೆ ಯಾರೋ ಒಬ್ಬ ಹೆಂಗಸು ಅಂದರೆ ಸಾಕು. ಅಮ್ಮ ಇನ್ನೂ ತುಮಕೂರಲ್ಲೇ ಇದ್ದಾಳೆ.